ತೀರ್ಥವಿಲ್ಲದ ಏಕಾದಶಿ

ಎಳನೀರು ಮೂರ್ತಿಯವರ ಎಡಗೈಯಿಂದ ಜಾರಿ ಕಲ್ಲುಹಾಸಿನ ಮೇಲೆ ಬಿದ್ದಾಗ ಸತ್ಯಭಾಮಾಳಿಗೆ ಮೊದಲು ಬಂದದ್ದು ನಗು. ಬೆಳಿಗ್ಗೆಯಷ್ಟೇ ಹಡಗಿನಿಂದ ಇಳಿದಿದ್ದರು. ನೆಲ ಇನ್ನೂ ಕಾಲಡಿಯಲ್ಲಿ ತೂಗುತ್ತಿರುವಂತೆ ಅವಳಿಗೂ ಅನಿಸುತ್ತಿತ್ತು. ಬೆಂಗಳೂರಿನ ವಿಮಾನ ಇದ್ದದ್ದು ಸಂಜೆಗೆ. ಅಲ್ಲಿಯವರೆಗೆ ಕೊಚ್ಚಿ ನೋಡಿದರಾಯಿತೆಂದು ಟ್ಯಾಕ್ಸಿ ಮಾಡಿಕೊಂಡು, ಪೆಟ್ಟಿಗೆಗಳನ್ನೆಲ್ಲ ಅದರ ಡಿಕ್ಕಿಯಲ್ಲಿ ಬಿಟ್ಟು, ಕಡಲ ದಂಡೆಯ ಮರದ ನೆರಳಿಗೆ ಬಂದು ನಿಂತಿದ್ದರು. ಎದುರಿಗೆ ದೊಡ್ಡ ಮೀನುಬಲೆಗಳು ನೀರಿಗೆ ಬಾಗಿ ಏಳುತ್ತಿದ್ದವು.

"ಏನ್ರೀ, ಇಷ್ಟು ದಿನ ಹಡಗಲ್ಲಿ ಒಂದು ಲೋಟ ಬೀಳಿಸ್ಲಿಲ್ಲ, ಇಲ್ಲಿ ಬಂದು ಬೀಳಿಸ್ತಿದೀರಾ?"

ಮೂರ್ತಿ ಬಿದ್ದ ಎಳನೀರನ್ನು ನೋಡಲಿಲ್ಲ. ಬಸ್ಸಿನಲ್ಲಿ ಪಕ್ಕದವನ ಕೈ ನಿದ್ದೆಗಣ್ಣಲ್ಲಿ ತಮ್ಮ ತೊಡೆಯ ಮೇಲೆ ಬಿದ್ದರೆ ನೋಡುವ ಹಾಗೆ ತಮ್ಮ ಎಡಗೈಯನ್ನೇ ನೋಡುತ್ತಿದ್ದರು. ಎಳನೀರು ಅವರ ಚಪ್ಪಲಿಯಡಿ ಹರಿದು ಹೋಗುತ್ತಿತ್ತು.

"ಜೋಮು ಹಿಡೀತು ಕಣೇ," ಎಂದರು ಆಮೇಲೆ. "ರಾತ್ರಿಯೆಲ್ಲ ಒಂದೇ ಮಗ್ಗುಲಲ್ಲಿ ಮಲಗಿದ್ದೆ."

"ಒಂದ್ಸಲ ಹಲ್ಲು ತೋರ್ಸಿ."

"ಯಾಕೆ, ಗಂಡು ನೋಡಕ್ಕೆ ಬಂದಿದೀಯಾ?"

"ತೋರ್ಸಿ ಅಂದ್ರೆ ತೋರ್ಸಿ."

ತೋರಿಸಿದರು. ಬಾಯಿ ನೆಟ್ಟಗೇ ಇತ್ತು. ಎರಡೂ ಕೈಗಳನ್ನು ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿದಳು. ಬಲಗೈ ಗಾಳಿಯಲ್ಲಿ ನಿಂತಿತು. ಎಡಗೈ ಸ್ವಲ್ಪ ಹೊತ್ತು ಜೊತೆಗೆ ನಿಂತಿದ್ದು, ಮೇಲಿನಿಂದ ಯಾರೋ ಮೆಲ್ಲಗೆ ಒತ್ತಿದಂತೆ ಕೆಳಗಿಳಿಯಿತು. ಎಳನೀರಿನವನು ಮಚ್ಚು ಹಿಡಿದುಕೊಂಡು ನೋಡುತ್ತಿದ್ದ. ಮೂರ್ತಿಗೆ ನಾಚಿಕೆಯಾಗಿ ಆ ಕೈಯನ್ನು ಜೇಬಿಗೆ ಸೇರಿಸಲು ಹೋದರು. ಕೈಗೆ ಜೇಬು ಸಿಗಲಿಲ್ಲ.

ಜಯನಗರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು ಸತ್ಯಭಾಮಾ. ಕಣ್ಣೆದುರು ನಡೆದದ್ದನ್ನು ನಡೆಯಲಿಲ್ಲ ಎಂದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಮೂರ್ತಿಯ ಎದೆ ಬಡಿತ ತಾಳ ತಪ್ಪುತ್ತದೆಂದು ಮೂರು ವರ್ಷದ ಹಿಂದೆ ಗೊತ್ತಾದಾಗ ಡಾಕ್ಟರು ಅವಳನ್ನು ಎದುರಿಗೆ ಕೂರಿಸಿಕೊಂಡೇ ಹೇಳಿದ್ದರು: ಹೃದಯದೊಳಗೆ ರಕ್ತ ನಿಂತು ಹೆಪ್ಪುಗಟ್ಟಿದರೆ ಅದು ನೇರ ಮಿದುಳಿಗೆ ಹೋಗುತ್ತದೆ, ಈ ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು, ಒಂದು ಹೊತ್ತೂ ತಪ್ಪಕೂಡದು.

ಬೆಂಚಿನ ಮೇಲೆ ಮೂರ್ತಿಯನ್ನು ಕೂರಿಸಿ, ಕೈಚೀಲದಿಂದ ಮಾತ್ರೆಯ ಡಬ್ಬಿ ತೆಗೆದಳು. ವಾರದ ದಿನಕ್ಕೊಂದರಂತೆ ಖಾನೆಗಳಿದ್ದ ಪ್ಲಾಸ್ಟಿಕ್ ಡಬ್ಬಿ. ಇವತ್ತಿನ ಬೆಳಗಿನ ಮಾತ್ರೆ ಹೋಗಿತ್ತು. ನಿನ್ನೆಯ ಖಾನೆಯ ಮುಚ್ಚಳ ತೆಗೆದಳು. ಎರಡೂ ಮಾತ್ರೆಗಳು ಒಂದರ ಪಕ್ಕ ಒಂದು ಹಾಗೇ ಮಲಗಿದ್ದವು.

"ನಿನ್ನೆ ತಗೊಂಡೇ ಇಲ್ವಾ?"

"ನಿನ್ನೆ ಏಕಾದಶಿ ಅಲ್ವೇನೇ."

"ಏಕಾದಶಿ ಆದ್ರೆ? ಮನೇಲಿ ತಗೋತಿರ್ಲಿಲ್ವಾ?"

"ಮನೇಲಿ ತೀರ್ಥ ಇರುತ್ತೆ. ಹಡಗಲ್ಲಿ ಎಲ್ಲಿತ್ತು ತೀರ್ಥ?" ಮೂರ್ತಿ ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು.

ತೀರ್ಥದಲ್ಲಿ ಮಾತ್ರೆ ನುಂಗಿಸುವ ಉಪಾಯ ಅವಳದೇ ಆಗಿತ್ತು. ಏಕಾದಶಿಯ ದಿನ ಮೂರ್ತಿ ತೊಟ್ಟು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದಾಗ ಬಿಸಿಲಲ್ಲಿ ಕಂಬದಿಂದ ಕಂಬಕ್ಕೆ ಅಲೆದ ದಿನಗಳಲ್ಲೂ ಹಾಕಿರಲಿಲ್ಲ. ಔಷಧಕ್ಕೆ ದೋಷವಿಲ್ಲ, ನೀರಲ್ಲೇ ತಗೊಳ್ಳಿ ಎಂದು ಗಿರಿನಗರದ ಪುರೋಹಿತರಾದ ಭಾರ್ಗವಾಚಾರ್ಯರು ಹೇಳಿದರೂ ಒಪ್ಪಿರಲಿಲ್ಲ. ಆಗ ಸತ್ಯಭಾಮಾ ಹುಡುಕಿದ ದಾರಿ ಅದು: ತೀರ್ಥವೇನು ನೀರಲ್ಲವಲ್ಲ. ಸಾಲಿಗ್ರಾಮದ ಪೂಜೆಯಾದ ಮೇಲೆ ಮೂರ್ತಿ ನಾಲಿಗೆಯ ಮೇಲೆ ಮಾತ್ರೆ ಇಟ್ಟುಕೊಂಡು, ಬಲಗೈ ಗುಳಿ ಮಾಡಿ, ಒಂದು ಹನಿಯೂ ನೆಲಕ್ಕೆ ಬೀಳಬಾರದೆಂದು ಅದರ ಕೆಳಗೆ ಎಡಗೈ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಅವಳು ಉದ್ಧರಣೆಯ ಪುಟ್ಟ ಚಮಚದಿಂದ ತೀರ್ಥ ಹಾಕುತ್ತಿದ್ದಳು. ಸಂಜೆಗೂ ಬೆಳ್ಳಿ ಬಟ್ಟಲಲ್ಲಿ ಸ್ವಲ್ಪ ಉಳಿಯುತ್ತಿತ್ತು. ಮೂರು ವರ್ಷ ಒಂದು ಏಕಾದಶಿಯೂ ತಪ್ಪಿರಲಿಲ್ಲ.

ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಮಗಳು ವಿಭಾ ಮುಂಬೈಯಿಂದ ಹೊರಡುವ ಹಡಗಿನ ಟಿಕೆಟ್ ಮಾಡಿಸಿದಾಗ, ಸಾಲಿಗ್ರಾಮವನ್ನು ಸಮುದ್ರಕ್ಕೆ ಒಯ್ಯುವುದು ಬೇಡವೆಂದು ಆಚಾರ್ಯರ ಮನೆಯಲ್ಲಿ ಬಿಟ್ಟು ಬಂದಿದ್ದರು. ಅವಲಕ್ಕಿ, ಹುರಿಗಾಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ತುಳಸಿ, ಎಲ್ಲ ನೆನಪಿಟ್ಟುಕೊಂಡು ತುಂಬಿದ್ದಳು. ಸಾಲಿಗ್ರಾಮವಿಲ್ಲದಿದ್ದರೆ ತೀರ್ಥವಿಲ್ಲ, ತೀರ್ಥವಿಲ್ಲದಿದ್ದರೆ ಮಾತ್ರೆಯಿಲ್ಲ ಎನ್ನುವುದೊಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀನು ಸುಮ್ನಿರ್ತಿದ್ಯಾ? ಹಡಗಿನೋರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ." ಮೂರ್ತಿ ಎಡಗೈಯನ್ನು ಎತ್ತಿ ಬೆರಳುಗಳನ್ನು ಒಂದೊಂದಾಗಿ ಮಡಿಸಿ ತೋರಿಸಿದರು. "ನೋಡು, ಸರಿಹೋಯ್ತು. ಜೋಮು ಅಂತ ಹೇಳ್ಲಿಲ್ವಾ?"

ನಿಜವಾಗಿಯೂ ಸರಿಹೋಗಿತ್ತು. ತನ್ನ ನೀರಿನ ಬಾಟಲಿ ಕೊಟ್ಟು ಹಿಡಿಯಲು ಹೇಳಿದಳು, ಹಿಡಿದರು. ಮುಚ್ಚಳ ತಿರುಗಿಸಲು ಹೇಳಿದಳು, ತಿರುಗಿಸಿದರು. ಬಲೆ ಎಳೆಯುವವರು ಏನೋ ಕೂಗಿ ನಕ್ಕರು, ಬಲೆ ಮೇಲೆದ್ದಿತು. ಅದರಿಂದ ಸುರಿಯುತ್ತಿದ್ದ ನೀರನ್ನು ನೋಡುತ್ತ ಸತ್ಯಭಾಮಾಳಿಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ಹೀಗೆ ಬಂದು ಹೀಗೆ ಹೋಗುವುದನ್ನೇ ಡಾಕ್ಟರು ಲಕ್ವದ ಮುನ್ಸೂಚನೆ ಎಂದಿದ್ದರು. ಇದಾದ ಮೇಲೆ ದೊಡ್ಡದು ಬರಬಹುದು, ಬಾರದೆಯೂ ಇರಬಹುದು. ಬಂದರೆ ನಾಳೆ ಬರಬಹುದು, ಇನ್ನೊಂದು ಗಂಟೆಯಲ್ಲೂ ಬರಬಹುದು. ವಿಮಾನ ಆಕಾಶದಲ್ಲಿರುವಾಗ ಬಂದರೆ?

"ಆಸ್ಪತ್ರೆಗೆ ಹೋಗೋಣ ರೀ."

"ನಾಳೆ ಅಮ್ಮನ ಶ್ರಾದ್ಧ." ಮೂರ್ತಿಯ ದನಿ ಬದಲಾಯಿತು. "ಆಸ್ಪತ್ರೆಗೆ ಹೋದ್ರೆ ಬಿಡ್ತಾರಾ? ನನಗೇನು ಅಣ್ಣತಮ್ಮಂದಿರಿದಾರಾ ಅಲ್ಲಿ ನಿಂತು ಮಾಡಕ್ಕೆ? ನಾಳೆ ಮುಗೀಲಿ, ನಾಡಿದ್ದು ಬೆಳಿಗ್ಗೆ ನಮ್ಮ ಡಾಕ್ಟರ ಹತ್ರವೇ ಹೋಗೋಣ. ವಿಭಾಗೆ ಮಾತ್ರ ಹೇಳ್ಬೇಡ. ಹೇಳಿದ್ರೆ ನನ್ನಾಣೆ."

ಅಷ್ಟು ಹೇಳಿ ಎದ್ದು ಟ್ಯಾಕ್ಸಿಯ ಕಡೆ ನಡೆದರು. ಹಿಂದೆ ನಡೆಯುತ್ತ ಸತ್ಯಭಾಮಾ ಅವರ ಎಡಗಾಲನ್ನು ನೋಡಿದಳು. ಚಪ್ಪಲಿ ನೆಲಕ್ಕೆ ಉಜ್ಜುತ್ತಿದೆಯೇ? ಇಲ್ಲ. ಮತ್ತೆ ಕಿವಿಗೊಟ್ಟಳು. ಇಲ್ಲ.

ಟ್ಯಾಕ್ಸಿಯ ಬಿಜು ಬೆಳಿಗ್ಗೆಯೇ ತನ್ನ ಪುರಾಣವನ್ನೆಲ್ಲ ಹೇಳಿಕೊಂಡಿದ್ದ. ಬಿಟಿಎಂ ಲೇಔಟಿನಲ್ಲಿ ಚಿಕ್ಕಪ್ಪನ ಬೇಕರಿಯಲ್ಲಿ ಕೆಲವು ವರ್ಷ ಇದ್ದವನು; ಕನ್ನಡ ಅಲ್ಲಿ ಕಲಿತದ್ದು.

"ಏನು ಸಾರ್, ಇಷ್ಟು ಬೇಗ ಬಂದದ್ದು? ಮಟ್ಟಾಂಚೇರಿ ನೋಡೋದಿಲ್ಲವಾ? ಅಮ್ಮನಿಗೆ ಏಲಕ್ಕಿ ಬೇಕಿತ್ತಲ್ಲಾ?"

"ಏಲಕ್ಕಿ ಗಾಂಧಿ ಬಜಾರಲ್ಲೇ ತಗೋತಾಳೆ. ಏರ್‌ಪೋರ್ಟಿಗೆ ಬಿಡಪ್ಪ," ಎಂದರು ಮೂರ್ತಿ.

ಸೇತುವೆಗಳು ಬಂದವು, ಹೋದವು. ದೂರದಲ್ಲಿ ಅವರ ಹಡಗು ಬಿಳಿಯ ಅಪಾರ್ಟ್‌ಮೆಂಟಿನಂತೆ ನಿಂತಿತ್ತು. ಸತ್ಯಭಾಮಾ ಗಂಡನ ಎಡಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಮೂರ್ತಿ ಕನ್ನಡಿಯಲ್ಲಿ ಕಾಣುತ್ತಿದ್ದ ಬಿಜುವಿನ ಕಣ್ಣುಗಳನ್ನು ನೋಡಿ ಮುಜುಗರಪಟ್ಟರು. ಆಗಾಗ ಅವಳು ಆ ಕೈಯನ್ನು ಅದುಮುತ್ತಿದ್ದಳು. ಅದು ತಿರುಗಿ ಅದುಮಿದಾಗಲೆಲ್ಲ ಉಸಿರು ಬಿಡುತ್ತಿದ್ದಳು. ಒಂದು ಸಲ ಅದು ತಡವಾಗಿ ಅದುಮಿತು. ತಡವಾಯಿತೋ, ತನ್ನ ಆತುರಕ್ಕೆ ಹಾಗನ್ನಿಸಿತೋ ತಿಳಿಯಲಿಲ್ಲ. ಪ್ರಯೋಗಶಾಲೆಯಲ್ಲಾಗಿದ್ದರೆ ಇನ್ನೊಂದು ಸಲ ಮಾಡಿ ನೋಡಿ ಎಂದು ಹುಡುಗರಿಗೆ ಹೇಳುತ್ತಿದ್ದಳು. ಇಲ್ಲಿ ಇನ್ನೊಂದು ಸಲ ಎಂದರೆ ಏನೆಂದು ಯೋಚಿಸಿ ಮುಂದಕ್ಕೆ ಬಾಗಿದಳು.

"ಬಿಜು, ದಾರೀಲಿ ದೊಡ್ಡ ಆಸ್ಪತ್ರೆ ಯಾವುದಾದ್ರೂ ಇದ್ಯಾಪ್ಪ?"

"ಉಂಟು ಅಮ್ಮಾ. ಬೈಪಾಸಲ್ಲಿ ಎಡಕ್ಕೆ. ಯಾರಿಗೆ?"

"ಯಾರಿಗೂ ಇಲ್ಲ. ನೀನು ನೆಟ್ಟಗೆ ಹೋಗು," ಎಂದರು ಮೂರ್ತಿ.

ಸತ್ಯಭಾಮಾ ಫೋನ್ ತೆಗೆದಳು. ಮೂರ್ತಿ ತಟ್ಟನೆ ತಿರುಗಿದರು.

"ಆಣೆ ಹಾಕಿದೀನಿ."

"ವಿಭಾಗೆ ಅಲ್ಲ," ಎಂದು ಫೋನಿನ ಸ್ಪೀಕರ್ ಹಾಕಿದಳು.

"ಹಾಂ ಅಮ್ಮ, ಬಂದ್ರಾ?" ಭಾರ್ಗವಾಚಾರ್ಯರ ಹಿಂದೆ ಗಿರಿನಗರದ ರಸ್ತೆಯ ಹಾರ್ನುಗಳು, ತರಕಾರಿ ಗಾಡಿಯವನ ಕೂಗು. "ಎಲ್ಲ ವ್ಯವಸ್ಥೆ ಆಗಿದೆ. ಅಡಿಗೆಯವರಿಗೆ ಬೆಳಿಗ್ಗೆ ಬೇಗ ಬರಕ್ಕೆ ಹೇಳಿದೀನಿ. ಬಾಳೆಲೆ ಈಗ ತಗೊಂಡೆ."

"ಆಚಾರ್ರೇ, ಒಂದು ಕೇಳ್ಬೇಕಿತ್ತು. ಶ್ರಾದ್ಧ ಮಾಡೋರಿಗೇ ಹುಷಾರಿಲ್ಲ ಅಂದ್ರೆ ಏನು ಮಾಡ್ಬೇಕು?"

"ಸೀನುಗೇನಾಯ್ತು?" ಎಂದರು ಆಚಾರ್ಯರು. ಒಂದೇ ಶಾಲೆಯಲ್ಲಿ ಓದಿದವರು. ಭಯವಾದಾಗ ಅವರ ಬಾಯಲ್ಲಿ ಶ್ರೀನಿವಾಸಮೂರ್ತಿ ಮತ್ತೆ ಸೀನುವಾಗುತ್ತಿದ್ದ.

"ಅವರು ಇಲ್ಲೇ ಕೇಳಿಸ್ಕೋತಿದಾರೆ. ನೀವು ಶಾಸ್ತ್ರ ಹೇಳಿ."

"ಶಾಸ್ತ್ರ ಏನಮ್ಮ, ತಿಥಿ ತಪ್ಪಿದ್ರೆ ಅಮಾವಾಸ್ಯೆ ಇದೆ. ದಾರಿ ಇಲ್ದೆ ಮಾಡಿಲ್ಲ ಹಿರೀಕರು. ಏ ಸೀನು, ಏನೋ ಆಗಿದೆ ನಿಂಗೆ? ಮಾತಾಡೋ."

ಮೂರ್ತಿ ಕೈ ಬಿಡಿಸಿಕೊಂಡು ಕಿಟಕಿಯ ಕಡೆ ತಿರುಗಿದರು. ಅವರ ಕಿವಿಯ ತುದಿ ಕೆಂಪಾಗಿತ್ತು. ಸಿಟ್ಟು ಬಂದಾಗ ಅವರ ತಾಯಿಗೂ ಹೀಗೇ ಆಗುತ್ತಿತ್ತು.

"ಅಮ್ಮ ಕಾಯ್ತಿರ್ತಾಳೆ," ಎಂದರು ಗಾಜಿಗೆ.

"ಕಾಯ್ಲಿ. ನಿಮ್ಮನ್ನ ಕಾಯೋದು ಅವ್ರಿಗೇನು ಹೊಸದಲ್ಲ. ನಾನು ಬಂದ ಹೊಸದ್ರಲ್ಲಿ ಇಬ್ರೂ ಒಟ್ಟಿಗೇ ಕಾಯ್ತಿದ್ವಿ, ಬಾಗ್ಲಲ್ಲಿ ಕೂತ್ಕೊಂಡು." ಅವಳು ಫೋನ್ ಆರಿಸಿದಳು. "ಬಿಜು, ಎಡಕ್ಕೆ ತಗೋ."

"ನೆಟ್ಟಗೆ ಹೋಗು," ಎಂದರು ಮೂರ್ತಿ.

ಬಿಜು ಕನ್ನಡಿಯಲ್ಲಿ ಒಬ್ಬರನ್ನು ನೋಡಿದ, ಇನ್ನೊಬ್ಬರನ್ನು ನೋಡಿದ. ಇಂಡಿಕೇಟರು ಟಕ್ ಟಕ್ ಎನ್ನತೊಡಗಿತು. ಕಾರು ಎಡಕ್ಕೆ ಹೊರಳಿತು.

ಆಸ್ಪತ್ರೆಯ ಬಾಗಿಲವರೆಗೂ ಮೂರ್ತಿ ಅವಳ ಮುಖ ನೋಡಲಿಲ್ಲ. ತನ್ನ ಲೆಕ್ಕ ತಪ್ಪಿರಲಿ, ಒಳಗೆ ಯಾರಾದರೂ ನಕ್ಕು ಏನೂ ಇಲ್ಲ ಹೋಗಿ ಎನ್ನಲಿ, ವಿಮಾನ ತಪ್ಪಿ, ಶ್ರಾದ್ಧ ತಪ್ಪಿ, ಇವರು ಸಾಯುವ ತನಕ ತನ್ನನ್ನು ಬೈಯುತ್ತಿರಲಿ ಎಂದು ಸತ್ಯಭಾಮಾ ಬೇಡಿಕೊಳ್ಳುತ್ತಿದ್ದಳು. ಬಿಜು ಬಾಗಿಲು ತೆಗೆದ. "ನನಗೆ ಇಳಿಯಕ್ಕೆ ಬರುತ್ತೆ," ಎಂದು ಮೂರ್ತಿ ಅವನ ಕೈ ಸರಿಸಿ ಎಡಗಾಲನ್ನು ಕೆಳಗಿಟ್ಟರು. ಕಾಲು ಅವರನ್ನು ಹೊರಲಿಲ್ಲ. ಬಿಜು ಎದೆಗೆ ಎದೆ ಕೊಟ್ಟು ಹಿಡಿದ. ಅವನ ಭುಜದ ಮೇಲಿಂದ ಮೂರ್ತಿ ಹೆಂಡತಿಯನ್ನು ನೋಡಿ ಏನೋ ಹೇಳಿದರು. ಮಾತು ಬಾಯೊಳಗೇ ನುಣ್ಣಗಾಗಿ, ಆಕಾರವಿಲ್ಲದೆ ಬಂತು. ಬಾಯಿಯ ಎಡತುದಿ ಇಳಿದಿತ್ತು.

ಆಮೇಲಿನದೆಲ್ಲ ಓಟ. ಗಾಲಿಮಂಚ, ಸ್ಕ್ಯಾನು, ಇಂಗ್ಲಿಷಿನಲ್ಲಿ ಕೇಳುವ ಎಳೆಯ ಡಾಕ್ಟರು. ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ, ಅದಕ್ಕೆ ಮುಂಚಿನದು ಯಾವಾಗ, ಕೈ ಯಾವಾಗ ಸೋತಿತು. ಎಲ್ಲಕ್ಕೂ ಅವಳಲ್ಲಿ ಉತ್ತರವಿತ್ತು. "ನಿನ್ನೆ ಯಾಕೆ ತಗೊಳ್ಳಲಿಲ್ಲ?" ಎಂದು ಡಾಕ್ಟರು ಕೇಳಿದ್ದಕ್ಕೆ ಮಾತ್ರ ಅವಳು ಡಬ್ಬಿ ತೆರೆದು ನಿನ್ನೆಯ ಖಾನೆ ತೋರಿಸಿದಳು. ಅವರು ಅವಳನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಆಣೆಯನ್ನು ಮುರಿದು ವಿಭಾಳಿಗೆ ಫೋನ್ ಮಾಡಿದಳು. ಬೆಂಗಳೂರಿನ ಉತ್ತರಹಳ್ಳಿಯ ತನ್ನ ಮನೆಯಿಂದ ಮಗಳು ಅಳುತ್ತಲೇ ಹೊರಟಳು. ಬಿಜು ಪೆಟ್ಟಿಗೆಗಳನ್ನು ತಂದು ಬೆಂಚಿನ ಪಕ್ಕ ಸಾಲಾಗಿ ಇಟ್ಟು, ಕರೆಯದಿದ್ದರೂ ಅಲ್ಲೇ ಕುಳಿತ.

ಒಳಗೆ ಬಿಟ್ಟಾಗ ಸಂಜೆಯಾಗಿತ್ತು. ಸರಿಯಾದ ಹೊತ್ತಿಗೆ ತಂದಿರಿ, ಹೆಪ್ಪನ್ನು ತೆಗೆದಿದ್ದೇವೆ, ಎಷ್ಟು ಶಕ್ತಿ ವಾಪಸು ಬರುತ್ತದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಮಂಚದ ತಲೆಭಾಗ ಎತ್ತಿ ಮೂರ್ತಿಯನ್ನು ಒರಗಿಸಿದ್ದರು. ಎಡಗೈ ಹೊದಿಕೆಯ ಮೇಲೆ ಇಟ್ಟ ಹಾಗೇ ಇತ್ತು.

ನರ್ಸ್ ಲೋಟದಲ್ಲಿ ನೀರು, ಒಂದು ಸ್ಟೀಲ್ ಚಮಚ ತಂದಳು. ನುಂಗಲು ಬರುತ್ತದೆಯೋ ನೋಡಬೇಕು, ಅಲ್ಲಿಯವರೆಗೆ ಬಾಯಿಗೆ ಏನೂ ಇಲ್ಲ ಎಂದಳು. ಚಮಚ ತುಟಿಯ ಹತ್ತಿರ ಬಂದಾಗ ಮೂರ್ತಿ ಬಾಯಿ ತೆರೆಯಲಿಲ್ಲ. ಬಲಗೈ ಚಾಚಿದರು. ಅಂಗೈ ಗುಳಿಯಾಗಿತ್ತು.

ನರ್ಸ್ ಅರ್ಥವಾಗದೆ ಸತ್ಯಭಾಮಾಳ ಕಡೆ ನೋಡಿದಳು. ಸತ್ಯಭಾಮಾ ಅವಳ ಕೈಯಿಂದ ಚಮಚ ತೆಗೆದುಕೊಂಡಳು. ಆದರೆ ಬಗ್ಗಿಸಲಿಲ್ಲ. ಹೊದಿಕೆಯ ಮೇಲಿದ್ದ ಎಡಗೈಯನ್ನೇ ನೋಡುತ್ತ ನಿಂತಳು. ಮೂರ್ತಿಯೂ ಅದನ್ನೇ ನೋಡುತ್ತಿದ್ದರು. ಒಂದು ಬೆರಳು ಬಟ್ಟೆಯನ್ನು ಗೀರಿದಂತೆ ಅಲುಗಿತು. ಇನ್ನೊಂದು ಅದರ ಜೊತೆಗೆ ಹೊರಟು ಅಲ್ಲೇ ನಿಂತಿತು. ಬಲಗೈ ಗಾಳಿಯಲ್ಲಿ ಕಾಯುತ್ತಿತ್ತು.

ಸತ್ಯಭಾಮಾ ತನ್ನ ಎಡಗೈಯನ್ನು ಅದರ ಕೆಳಗೆ ಒತ್ತಿ ಹಿಡಿದಳು. ಚಮಚ ಬಗ್ಗಿಸಿದಳು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.