ಹುಣಸೆಬೀಜದ ಸರದಿ

ಪವಿತ್ರಳಿಗೆ ಕಾಮಾಲೆ ಬಂದು ಇಪ್ಪತ್ತು ದಿನವಾಗಿತ್ತು. ಕಣ್ಣಿನ ಹಳದಿ ಇಳಿದಿದ್ದರೂ ಮೈಯಲ್ಲಿ ಕಸುವಿರಲಿಲ್ಲ. ರಜೆಗೆ ಬಂದಿದ್ದ ಅತ್ತೆಯ ಮಗ ಕಿಶನ್ ಅಕ್ಕಿಹೆಬ್ಬಾಳಿನ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋದ ಮೇಲೆ ಅವಳ ಜೊತೆ ಆಡುವುದಕ್ಕೆ ಅಜ್ಜಿ ದ್ಯಾವಮ್ಮನೇ ಗತಿಯಾದಳು.

"ಬಾ ಅಜ್ಜಿ, ದಂಡಾಟ ಕಲಿಸ್ಕೊಡ್ತೀನಿ."

"ಚೌಕಾಬಾರ ಬುಟ್ರೆ ನಂಗೇನ್ ಬಂದದು ಕಣವ್ವ?"

"ಓದಕ್ ಬತ್ತದಲ್ಲ, ಅಷ್ಟೇ ಸಾಕು."

ಓದುವುದಕ್ಕೇನೋ ಬರುತ್ತಿತ್ತು. ಊರಲ್ಲಿ ರಾತ್ರಿ ಶಾಲೆ ನಡೆದ ಎರಡು ವರ್ಷವೂ ದ್ಯಾವಮ್ಮ ಒಂದು ದಿನ ತಪ್ಪಿಸದೆ ಸ್ಲೇಟು ಹಿಡಿದು ಹೋಗಿದ್ದಳು. ಐವತ್ತೆಂಟರ ವಯಸ್ಸಿನಲ್ಲಿ ಒತ್ತಕ್ಷರಗಳನ್ನೂ ದಾಟಿದ್ದಳು. ಬೆರಳಿಟ್ಟು ಓದಬೇಕು, ನಿಧಾನವಾಗುತ್ತದೆ, ಅಷ್ಟೇ.

ದಂಡಾಟದ ಕಾರ್ಡುಗಳು ಅಂಗಡಿಯವಲ್ಲ. ಮೈಸೂರಿನ ಗೆಳೆಯನೊಬ್ಬನ ಹತ್ತಿರ ಫಾರಿನ್ ಕಾರ್ಡುಗಳನ್ನು ನೋಡಿ ಬಂದಿದ್ದ ಕಿಶನ್, ಮನೆಯಲ್ಲಿ ಗಂಟು ಕಟ್ಟಿಟ್ಟಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಮಗ್ಗುಲಿನಲ್ಲಿ ಪವಿತ್ರಳಿಂದ ಚಿತ್ರ ಬರೆಸಿದ್ದ. ಮೇಲೆ ಹೆಸರು, ನಡುವೆ ಚಿತ್ರ, ಕೆಳಗೆ ಗುಣ. ಆ ಗುಣದ್ದೇ ಆಟ. ಚಾಪೆಯ ಮೇಲೆ ಇಟ್ಟ ಕಾರ್ಡು ತನ್ನ ಗುಣದಲ್ಲಿ ಬರೆದಿರುವುದನ್ನು ಮಾಡಿಯೇ ತೀರುತ್ತದೆ. ಇಟ್ಟವರೇ ಬೇಡವೆಂದರೂ ನಿಲ್ಲುವುದಿಲ್ಲ. ಸತ್ತ ಕಾರ್ಡು ಚಾಪೆಯ ಮೂಲೆಗೆ ಹೋಗುತ್ತದೆ. ಆ ಮೂಲೆಯ ಹೆಸರು ಮಸಣ. ಹುಣಸೆಬೀಜ ಯಾರ ಮುಂದಿದೆಯೋ ಅವರ ಸರದಿ. ಆಡಿ ಮುಗಿಸಿದವರು ಬೀಜವನ್ನು ಎದುರಿನವರ ಕಡೆಗೆ ತಳ್ಳಬೇಕು.

ಪವಿತ್ರ ತನ್ನ ಕಡೆ ಮೂರು ಕಾರ್ಡು ನಿಲ್ಲಿಸಿದಳು: ಹುಂಜ, ನಾಯಿ, ಎರಡು ಜಡೆಯ ರಾಣಿ. ಹುಂಜ ಮನೆಯದೇ, ನಾಯಿ ಬಾಗಿಲಲ್ಲಿ ಮಲಗುವ ಕಾಳನೇ. ರಾಣಿಗೆ ತನ್ನದೇ ಮುಖ ಬರೆದುಕೊಂಡಿದ್ದಳು.

ದ್ಯಾವಮ್ಮನ ಕೈಗೆ ಬಂದದ್ದು 'ಕರೆಗಾರ'. ಬೆರಳಿಟ್ಟು ಗುಣ ಓದಿದಳು. "ಮಸಣದಿಂದ ಒಬ್ಬನನ್ನು ಕರೆದು ನಿನ್ನ ಕಡೆ ಕೂರಿಸಿಕೋ. ಅವನಿರುವ ತನಕ, ಎದುರಿನವರ ಸರದಿ ಶುರುವಾದಾಗೆಲ್ಲ ಅವರದೊಂದು ಮಸಣಕ್ಕೆ."

"ಮಸಣದಾಗೆ ಇನ್ನೂ ಯಾರೂ ಇಲ್ವಲ್ಲ ಅಜ್ಜಿ, ಯಾರ್ನ ಕರೀತೀಯೆ?"

ದ್ಯಾವಮ್ಮ ಕಾರ್ಡು ತಿರುಗಿಸಿದಳು. ಮಿಕ್ಕ ಲಗ್ನಪತ್ರಿಕೆಗಳ ಹಾಗೆ ಅಲ್ಲಿ ಅರಿಶಿನ ಹಚ್ಚಿರಲಿಲ್ಲ. ಅಂಚಿಗೆ ಕಪ್ಪು ಗೆರೆಯಿತ್ತು. ಒಳಗೆ ಅಚ್ಚಾಗಿದ್ದ ಹೆಸರು ಗೋವಿಂದನಹಳ್ಳಿ ಚೌಡಯ್ಯ. ಅವಳ ತಮ್ಮ.

ಸಾವಿನ ಕಾಗದವನ್ನು ಬೀದಿಯಲ್ಲೇ ನಿಂತು ಓದಿ, ಹರಿದು ಹಾಕಿ, ಕಾಲು ತೊಳೆದು ಒಳಗೆ ಬರಬೇಕು. ಹೊಸ್ತಿಲು ದಾಟಿಸಬಾರದು. ಇದನ್ನು ಊರಿಗೆಲ್ಲ ಹೇಳಿಕೊಡುವವಳೇ ದ್ಯಾವಮ್ಮ. ಆದರೆ ಹೋದ ವರ್ಷ ಬಂದ ಆ ತಿಥಿ ಕಾರ್ಡು, ಯಾರ ಹಂಗೂ ಇಲ್ಲದೆ ಅವಳೇ ಓದಿಕೊಂಡ ಮೊದಲನೆಯ ಕಾಗದವಾಗಿತ್ತು. ತಮ್ಮನ ಹೆಸರನ್ನು ಅಚ್ಚಿನಲ್ಲಿ ಓದಿದ ಕೈಗೆ ಹರಿಯುವುದಕ್ಕೆ ಮನಸ್ಸು ಬರಲಿಲ್ಲ. ಸೆರಗಲ್ಲಿ ಮುಚ್ಚಿಕೊಂಡು ಬಂದು ಲಗ್ನಪತ್ರಿಕೆಗಳ ನಡುವೆ ತೂರಿಸಿಟ್ಟಿದ್ದಳು.

ಈಗಲಾದರೂ ತೆಗೆದು ಬಿಸಾಡಬಹುದಿತ್ತು. "ಇವ್ನೇ ಬರ್ಲಿ ಬುಡು," ಎಂದು ನಕ್ಕು, ತಮ್ಮನ ಲೆಕ್ಕಕ್ಕೆ ಒಂದು ಅಡಿಕೆ ಇಟ್ಟು, ಬೀಜ ತಳ್ಳಿದಳು.

ಸರದಿ ಶುರುವಾದದ್ದಕ್ಕೆ ಪವಿತ್ರ ಗುಣದಂತೆ ತನ್ನ ಹುಂಜದ ಕಾರ್ಡನ್ನು ಮಸಣಕ್ಕೆ ಹಾಕಿದಳು. ಅಷ್ಟಕ್ಕೇ ಅವಳಿಗೆ ಆಯಾಸವಾಯಿತು. ನಾಳೆ ಮುಂದುವರಿಸಿದರಾಯಿತೆಂದು ಬೀಜವನ್ನು ಅಜ್ಜಿಯ ಕಡೆ ತಳ್ಳಿ, ಚಾಪೆಯ ಮೇಲೆ ಮೊರ ಬೋರಲು ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಜಗುಲಿಯಲ್ಲಿ ಯಾರೋ ಕೆಮ್ಮಿದಂತಾಯಿತು. ಹೊಗೆಸೊಪ್ಪಿನ ಕೆಮ್ಮು, ಎರಡು ಸಲ ಕೆಮ್ಮಿ, ತಡೆದು, ಮತ್ತೊಂದು. ದ್ಯಾವಮ್ಮ ಹೋಗಿ ನೋಡಿದರೆ ಜಗುಲಿ ಖಾಲಿ.

ಬೆಳಿಗ್ಗೆ ಪಂಜರ ಎತ್ತಿದಾಗ ಹುಂಜ ಸತ್ತಿತ್ತು. ಒಂದು ಗಾಯವಿಲ್ಲ.

"ರೋಗ ಬಂದಿರ್ಬೇಕು ಕಣತ್ತೆ," ಎಂದಳು ಸೊಸೆ ಪ್ರಮೀಳಾ.

ಇರಬಹುದೆಂದುಕೊಂಡ ದ್ಯಾವಮ್ಮ ಅವತ್ತೂ ಕೂತು ಆಡಿ ಬೀಜ ತಳ್ಳಿದಳು. ನಾಯಿಯ ಕಾರ್ಡು ಮೂಲೆ ಸೇರಿತು. ಬೀಜ ಅಜ್ಜಿಯ ಕಡೆಗೆ ಬಂತು. ಸಂಜೆ ಕೆಮ್ಮು ನಡುಮನೆಯ ಬಾಗಿಲವರೆಗೂ ಬಂತು. ಮಾರನೆಯ ದಿನ ಕಾಳ ಕಣ್ಣು ಬಿಟ್ಟುಕೊಂಡೇ ಬಾಗಿಲಲ್ಲಿ ಬಿದ್ದಿತ್ತು.

"ಹಾವು ಕಡೀತೇನೋ," ಎಂದಳು ಪ್ರಮೀಳಾ. ಈ ಸಲ ಅವಳ ದನಿಯೂ ಗಟ್ಟಿಯಾಗಿರಲಿಲ್ಲ.

ದ್ಯಾವಮ್ಮ ಮೊರ ಎತ್ತಿದಳು. ಪವಿತ್ರಳ ಕಡೆ ಉಳಿದಿದ್ದದ್ದು ಎರಡು ಜಡೆಯ ರಾಣಿ ಒಂದೇ. ತಾನು ಇಟ್ಟ ಅಡಿಕೆಯ ಒಂದು ಮಗ್ಗುಲನ್ನು ಯಾರೋ ಕಚ್ಚಿದ್ದರು.

ಅವಳು ಕರೆಗಾರನ ಕಾರ್ಡನ್ನು ಬೀದಿಗೆ ಒಯ್ದು ಚೂರುಚೂರು ಹರಿದು, ಕಾಲು ತೊಳೆದು ಬಂದಳು. ಹಾಸಿಗೆಯಿಂದಲೇ ಪವಿತ್ರ ನಕ್ಕಳು. ಅವಳ ಕಣ್ಣು ಮತ್ತೆ ಹಳದಿಯಾಗಿತ್ತು.

"ಈಗ ಅರಿದ್ರೆ ಏನ್ ಬಂತಜ್ಜಿ? ಕರೆದೋನು ಬಂದು ಕೂತವ್ನೆ. ಕರೆದ ಬಾಯಿ ಮುಚ್ಚುದ್ರೆ ಬಂದೋನು ಎದ್ದೋದಾನಾ?"

"ಆಟಾನೇ ಬುಟ್ಬುಟ್ರೆ?"

"ಯಾರು ಆಟದಿಂದ ಎದ್ದೋದ್ರೋ ಅವ್ರ ಕಡೇವೆಲ್ಲ ಅವ್ರ ಜೊತೇಲೇ ಓಯ್ತವೆ. ನಾನೆದ್ರೆ ನನ್ ರಾಣಿ, ನೀನೆದ್ರೆ ನಿನ್ ತಮ್ಮ."

ಏಳುವುದು ಎಂದರೆ ಈ ಆಟದಲ್ಲಿ ಸಾಯುವುದೇ ಎಂದು ದ್ಯಾವಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗುಣವನ್ನು ಮನಸ್ಸಿನಲ್ಲೇ ಮತ್ತೆ ಬೆರಳಿಟ್ಟು ಓದಿದಳು. ಎದುರಿನವರ ಸರದಿ ಶುರುವಾದಾಗೆಲ್ಲ. ಅಲ್ಲಿ ಬೆರಳು ನಿಂತಿತು.

"ಲೇ ಮಗ, ಒಂದ್ ಸರದಿ ಎಷ್ಟೊತ್ತು ಆಡ್ಬೋದು?"

"ಅದ್ಕೆಲ್ಲ ಲೆಕ್ಕ ಇಲ್ಲ. ಬೀಜ ತಳ್ಳೋಗಂಟ ನಿಂದೇ."

ಹುಣಸೆಬೀಜ ದ್ಯಾವಮ್ಮನ ಮುಂದೆಯೇ ಇತ್ತು. ಎತ್ತಿ ಸೆರಗಿನ ತುದಿಯಲ್ಲಿಟ್ಟು ಮೂರು ಗಂಟು ಬಿಗಿದಳು.

ಅಂದು ಮುಚ್ಚಂಜೆ ಕೆಮ್ಮು ಒಳಕ್ಕೇ ಬಂತು. ಚಾಪೆಯ ಆಚೆ ಅಂಚು ಯಾರೋ ಕೂತಂತೆ ತಗ್ಗಿತು. ಗೋವಿಂದನಹಳ್ಳಿ ಗುಡಿಯ ಕಲ್ಲು ಹಾಸಿನ ಮೇಲೆ ಚೌಕಾಬಾರ ಆಡುವಾಗ, ಅಕ್ಕ ಕವಡೆ ಹಿಡಿದು ಯೋಚಿಸುತ್ತ ಕೂತರೆ ತಾಳ್ಮೆಗೆಟ್ಟು ನೆಲ ಗುದ್ದುತ್ತಿದ್ದವನು ಚೌಡಯ್ಯ. ಈಗಲೂ ನೆಲ ಗುದ್ದಿದ ಸದ್ದಾಯಿತು.

"ಆಡಕ್ಕ, ಬೇಗ್ನೆ. ಎಷ್ಟೊತ್ತು ಯೋಚ್ನೆ ಮಾಡೀಯೆ?"

"ತಡ್ಕೊಳ್ಲಾ," ಎಂದಳು ದ್ಯಾವಮ್ಮ. "ನಾನ್ ಯಾವತ್ತು ಬೇಗ ಆಡಿದ್ದೆ?"

ವಾರದಲ್ಲಿ ಪವಿತ್ರಳ ಕಣ್ಣು ಬೆಳ್ಳಗಾಯಿತು. ಸ್ಕೂಲಿಗೂ ಹೊರಟಳು. ಆಟ ಅವಳಿಗೆ ಮರೆತೇಹೋಯಿತು. ಚಾಪೆಯನ್ನು ಮಾತ್ರ ದ್ಯಾವಮ್ಮ ಯಾರಿಗೂ ಮುಟ್ಟಿಸಲಿಲ್ಲ. ಸೀರೆ ಬದಲಿಸುವಾಗ ಬೀಜವನ್ನು ಬಾಯಲ್ಲಿಟ್ಟುಕೊಂಡು, ಹೊಸ ಸೆರಗಿಗೆ ಗಂಟು ಹಾಕಿದ ಮೇಲೆಯೇ ಮಾತಾಡುತ್ತಿದ್ದಳು.

ಒಂದು ದಿನ ಸೊಸೆಯನ್ನು ಕರೆದು ಹೇಳಿದಳು: "ಪ್ರಮೀಳಾ, ನಾನ್ ಎದ್ದೋಗೋ ದಿವ್ಸ ಈ ಗಂಟು ಬಿಚ್ಬ್ಯಾಡಿ ಕಣವ್ವ. ಅಂಗೇ ಮಣ್ಣು ಮಾಡಿ. ನನ್ ಕಡೇದು ನನ್ ಜೊತೇಲೇ ಬತ್ತದೆ."

"ಏನದು ಅತ್ತೆ, ಅಂಥದ್ದು?"

"ಹುಣಸೆಬೀಜ."

ಚಾಪೆಯ ಆಚೆ ಅಂಚಿನಲ್ಲಿ ಎರಡು ಕೆಮ್ಮು, ತಡೆದು, ಮತ್ತೊಂದು. ಪ್ರಮೀಳಾ ತಿರುಗಿ ನೋಡಿದಳು. ದ್ಯಾವಮ್ಮ ನೋಡಲಿಲ್ಲ. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಆಡುವುದಕ್ಕೆ ಇನ್ನೂ ಯೋಚಿಸುತ್ತಿರುವವಳ ಹಾಗೆ ಕೂತಿದ್ದಳು.