ಎರಡು ಚಮಚ ಪುಡಿ

"ಹುಷಾರು, ಬಾಗಿಲಿಗೆ ತಾಗುತ್ತೆ!" ಎಂದು ಎದುರು ಮನೆಯ ಟೈಲರು ಕೂಗಿದ. ನಾಲ್ವರು ಸ್ಟ್ರೆಚರನ್ನು ಓರೆ ಮಾಡಿ ಒಳಗೆ ತಂದರು.

"ತಲೆ ಕಡೆ ಮೇಲಿರಲಿ!" ಎಂದುಬಿಟ್ಟಳು ಸ್ಟ್ರೆಚರಿನಲ್ಲಿದ್ದವನ ಹೆಂಡತಿ. ಅಂದಮೇಲೆ ನಾಚಿಕೆಯಾಯಿತು. ಹೆಣದ ತಲೆ ಇನ್ನು ಮೇಲಿದ್ದರೇನು, ಕೆಳಗಿದ್ದರೇನು!

ನಾದಿನಿ ಅಣ್ಣನ ಕಾಲ ಬಳಿ ಕುಸಿದಳು. "ಬೀದಿಗೆಲ್ಲ ನಲ್ಲಿ ಹಾಕಿಕೊಟ್ಟೆಯಲ್ಲೋ ಅಣ್ಣಾ! ನಿನಗೇ ಒಂದು ಲೋಟ ನೀರು ಸಿಗಲಿಲ್ವಲ್ಲೋ! ಎರಡು ವರ್ಷ ಬರೀ ಗೋಂದು ಕುಡಿಸಿದ್ರಲ್ಲೋ!"

ಬಂದವರ ಕಣ್ಣೆಲ್ಲ ಹೆಂಡತಿಯ ಕಡೆ ಹೊರಳಿತು.

"ಸುಮ್ನಿರಮ್ಮಾ, ಡಾಕ್ಟ್ರು ಹೇಳಿದ್ದಲ್ವಾ," ಎಂದ ಟೈಲರು.

"ಡಾಕ್ಟ್ರಿಗೇನು ಗೊತ್ತು ಬಾಯಾರಿದವನ ಕಷ್ಟ? ಹೋದ ವಾರ ನಾನೇ ಕೈಯಾರೆ ಕುಡಿಸಿದೆ. ಒಂದು ಲೋಟ ಪೂರ್ತಿ, ಗಟಗಟ ಅಂತ. ಆ ಪುಣ್ಯವಾದ್ರೂ ನನಗಿರ್ಲಿ."

ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು.

* * *

ಪಾರ್ಕಿನ್ಸನ್ಸ್ ಕಾಯಿಲೆ ಕೈ ನಡುಗಿಸಿದ್ದು ಸಾಲದೆಂದು ಗಂಟಲಿಗೂ ಇಳಿದಾಗ ಅವನು ನಕ್ಕಿದ್ದ. "ವಾಲ್ವು ಕೈಕೊಟ್ಟಿದೆ ಕಣೇ. ನೀರು ತಪ್ಪು ಪೈಪಿಗೆ ಹೋಗ್ತಿದೆ."

ಆಸ್ಪತ್ರೆಯಲ್ಲಿ ಕಲಿಸಿಕೊಟ್ಟರು. ನೆಟ್ಟಗೆ ಕೂರಬೇಕು, ಗದ್ದ ಎದೆಯ ಕಡೆ ಬಗ್ಗಿರಬೇಕು, ನೀರು ಶ್ವಾಸನಾಳಕ್ಕೆ ಜಾರದ ಹಾಗೆ ಲೋಟಕ್ಕೆ ಎರಡು ಚಮಚ ಪುಡಿ ಕಲಸಿ ಗೋಂದಿನಂತೆ ಗಟ್ಟಿ ಮಾಡಬೇಕು. ಗುಟುಕಿಗೆ ಎರಡು ಸಲ ನುಂಗಿ 'ಆ' ಅನ್ನಬೇಕು. ದನಿ ಗುಳುಗುಳು ಎಂದರೆ ಗಂಟಲಲ್ಲಿ ನಿಂತಿದೆ ಎಂದರ್ಥ. ಅವನು ಗೋಡೆಗೆ ಕಿವಿಯಿಟ್ಟು ಸೋರುವ ಪೈಪು ಹುಡುಕುತ್ತಿದ್ದ ಹಾಗೆ ಇವಳು ಆ ದನಿಗೆ ಕಿವಿಗೊಡುತ್ತಿದ್ದಳು. ಒಂದೊಂದು ಊಟಕ್ಕೂ ಒಂದು ಗಂಟೆ. ಇವಳದು ಯಾವತ್ತೂ ತಣ್ಣನೆಯ ಊಟ.

ಹೋದ ವಾರ ಪುಡಿ ಮುಗಿದಿತ್ತು. ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವನು ದಿಂಬಿಗೆ ಒರಗಿದ್ದ. ಪಕ್ಕದಲ್ಲಿ ಖಾಲಿ ಲೋಟ. ಕಾಯುತ್ತೇನೆಂದಿದ್ದ ನಾದಿನಿ ಆಗಲೇ ಹೊರಟುಹೋಗಿದ್ದಳು.

"ಎಲ್ಲಿ, ಆ ಅನ್ರೀ."

ಗುಳುಗುಳು ಎಂದಿತು. ಮರುದಿನವೇ ಜ್ವರ. ನೀರು ಶ್ವಾಸಕೋಶಕ್ಕೆ ಇಳಿದಿದೆ ಎಂದರು ಡಾಕ್ಟರು.

"ನೀರಿಂದ ಹೀಗಾಯ್ತು ಅಂತ ತಂಗಿಗೆ ಹೇಳ್ಬೇಡ, ಆಣೆ ಮಾಡು. ಕೇಳಿದ್ದು ನಾನೇ," ಎಂದಿದ್ದ, ಉಸಿರಿಗಾಗಿ ಒದ್ದಾಡುತ್ತ. ಇವಳು ಆಣೆ ಮಾಡಿದಳು. "ಆಹಾ, ಎಷ್ಟು ತಣ್ಣಗಿತ್ತು ಗೊತ್ತಾ!"

ಎರಡು ವರ್ಷ ಜೀವ ತೇಯ್ದವಳಿಗೆ ಅವನು ಆಡಿದ ಕೊನೆಯ ಮಾತು ಇದು.

* * *

ಅತ್ತೂ ಅತ್ತೂ ನಾದಿನಿಗೆ ಬಿಕ್ಕಳಿಕೆ ಹತ್ತಿತು. "ಅತ್ತಿಗೆ, ಒಂದು ಲೋಟ ನೀರು ಕೊಡಿ."

ಹೆಂಡತಿ ಅಡುಗೆಮನೆಗೆ ಹೋದಳು. ಅವತ್ತು ತಂದ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ತೆಗೆದಳು. ಅಳೆದು ಎರಡು ಚಮಚ ಹಾಕಿ, ಗಂಟಾಗದ ಹಾಗೆ ತಿರುವಿ, ಗಟ್ಟಿಯಾಗುವವರೆಗೆ ಕಾದು, ತಂದುಕೊಟ್ಟಳು.

ನಾದಿನಿ ಲೋಟ ಎತ್ತಿದಳು. ನೀರು ಬರಲಿಲ್ಲ. ಇನ್ನಷ್ಟು ಎತ್ತಿದಾಗ ಒಂದು ಮುದ್ದೆ ನಿಧಾನ ಜಾರಿ ತುಟಿಗೆ ಬಂತು. ಅಳು ನಿಂತೇಹೋಯಿತು.

"ಇದೇನು ಅತ್ತಿಗೆ?"

"ನಿನ್ನಣ್ಣ ಕುಡೀತಿದ್ದ ನೀರು. ನೆಟ್ಟಗೆ ಕೂತ್ಕೋ. ಗದ್ದ ಕೆಳಗೆ."

ಮನೆ ತುಂಬ ಜನ ನೋಡುತ್ತಿದ್ದರು. ನಾದಿನಿ ಮುಖ ಕಿವಿಚಿಕೊಂಡು ಹೇಗೋ ನುಂಗಿದಳು.

"ಇನ್ನೊಂದು ಸಲ ನುಂಗು. ಹಾಂ. ಈಗ ಆ ಅನ್ನು," ಎಂದು ಹೇಳಿ ಹೆಂಡತಿ ಅವಳ ಗಂಟಲ ಹತ್ತಿರ ಕಿವಿ ತಂದು ಕಾದಳು.