ನಾಲ್ಕು ಎಣಿಸುವಷ್ಟು ಎಣ್ಣೆ

ಟೆಫೊನ ಹಿತ್ತಲಲ್ಲಿ ಗಾಡಿ ಎರಡು, ಎಂಜಿನ್ ಒಂದೇ. ಸೋಮವಾರದಿಂದ ಶನಿವಾರದ ಬೆಳಗಿನವರೆಗೆ ಅದು ಹಾಲು ಸಾಗಿಸುವ ಬಕ್ಕಿ ಎಂಬ ಪುಟ್ಟ ಟ್ರಕ್ಕಿನಲ್ಲಿ ಕೂತು, ಇಪ್ಪತ್ತಮೂರು ಮನೆಗಳ ಕ್ಯಾನುಗಳನ್ನು ಡೇರಿಗೆ ಹೊರುತ್ತಿತ್ತು. ಶನಿವಾರ ಕ್ಯಾನು ಇಳಿಸಿದ್ದೇ ತಡ, ತಂದೆ ಮಗಳು ಸೇರಿ ರಾಟೆಗೆ ಸರಪಳಿ ಕಟ್ಟಿ ಅದನ್ನೆತ್ತಿ, ಗಾಜಿಲ್ಲದ ಕೆಂಪು ರೇಸು ಕಾರಿಗೆ ಕೂರಿಸುವರು. ಭಾನುವಾರ ಮತ್ತೆ ಬಕ್ಕಿಗೆ. ಮೆಕ್ಕೆಜೋಳದ ಹೊಲಗಳ ನಡುವೆ ಮಣ್ಣು ಕೆತ್ತಿ ಮಾಡಿದ ಆ ಓಟದ ಕಣಕ್ಕೆ ಬರುವವರಲ್ಲಿ ಅರ್ಧ ಜನ ಹೀಗೇ ಮಾಡುತ್ತಿದ್ದರು. ಹಾಗಾಗಿ ಅಲ್ಲಿ ಯಾರ ಎಂಜಿನ್ ಜಾಮಾದರೂ ಗೆದ್ದವರ ಸುದ್ದಿ ಪಕ್ಕಕ್ಕಿಟ್ಟು ಜನ ಮೊದಲು ಕೇಳುತ್ತಿದ್ದ ಮಾತು ಒಂದೇ: "ಸೋಮವಾರಕ್ಕೆ ಏನು ಮಾಡ್ತಾನಂತೆ?"

ಹೋದ ವರ್ಷ ಆ ಮಾತು ಟೆಫೊನ ಪಾಲಿಗೂ ಬಂದಿತ್ತು. ಕಣದಲ್ಲಿ ಎಲ್ಲ ತಿರುವೂ ಎಡಕ್ಕೆ. ಕಾರು ಎಡಕ್ಕೆ ತಿರುಗಿದಾಗ ಆಯಿಲ್ ಚೇಂಬರಿನ ಎಣ್ಣೆಯೆಲ್ಲ ಬಲಗೋಡೆಗೆ ಏರಿ ನಿಲ್ಲುತ್ತದೆ. ನಡುವೆ ಇರುವ ಹೀರುವ ಕೊಳವೆ ಗಾಳಿ ಕುಡಿಯುತ್ತದೆ. ಎರಡು ತಿರುವು ತಡೆಯಿತು, ಮೂರನೆಯದರಲ್ಲಿ ಬೇರಿಂಗು ಸುಟ್ಟು ಎಂಜಿನ್ ಹಿಡಿದುಕೊಂಡಿತು. ಬೇರೆ ಎಂಜಿನ್ ಸಿಗುವವರೆಗೆ ಒಂದು ತಿಂಗಳು ಅವನ ಹೆಂಡತಿ ಮಾಡಿನೆಯೊ ಕತ್ತೆಗಾಡಿಯಲ್ಲಿ ಹಾಲು ಸಾಗಿಸಿದಳು. ಅರ್ಧ ದಾರಿಗೆ ಹಾಲು ಒಡೆಯುತ್ತಿತ್ತು.

ಆಮೇಲೆ ಟೆಫೊ ಚೇಂಬರನ್ನು ಕತ್ತರಿಸಿ, ಕೊಳವೆಯನ್ನು ಬಲಗೋಡೆಯ ಮಗ್ಗುಲಿಗೇ ಎಳೆದು ಬೆಸೆದ. ಅದರ ಮುಂದೆ ತಗಡಿನ ಅಡ್ಡಗೋಡೆ, ಗೋಡೆಗೊಂದು ಪುಟ್ಟ ಬಾಗಿಲು. ಎಣ್ಣೆ ಒಳಗೆ ನುಗ್ಗಬಹುದು, ಹೊರಗೆ ಬರುವಂತಿಲ್ಲ. ಇಡೀ ವರ್ಷ ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ.

ಡಿಸೆಂಬರಿನ ಕೊನೆಯ ಶನಿವಾರ ಮಗಳು ಡಿನೆಯೊ ಎರಡು ಅರ್ಹತಾ ಓಟ ದಾಟಿ ಮೊದಲ ಸಲ ಫೈನಲ್ಲಿಗೆ ಬಂದಳು. ಟೆಫೊ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಣ್ಣೆಯಲ್ಲಿ ಕರಿದ ಮಗ್ವಿನ್ಯಾ ಕಚ್ಚುತ್ತಿದ್ದ. ಪಕ್ಕದ ಕಾರಿನ ಪಿಟ್ಸೊ ಹಲ್ಲು ಕಿರಿಯುತ್ತ ಬಂದ.

"ಏನಣ್ಣಾ, ಹಾಲು ಗಾಡಿ ಫೈನಲ್ಲಿಗೆ! ಮೊಸರಾಗದೆ ತಲುಪ್ತದಾ?"

"ನಿನ್ನ ಕಾರಿಗಿಂತ ಮೊದಲು ತಲುಪ್ತದೆ ಬಿಡೋ."

"ನೋಡೋಣ. ಉಲ್ಟಾ ಓಡಿಸಿ ರೂಢಿ ಇದೆಯಾ ಹುಡುಗಿಗೆ?"

ಟೆಫೊನ ಬಾಯೊಳಗಿನ ತುತ್ತು ಹಾಗೇ ನಿಂತಿತು.

ವರ್ಷದ ಕಡೆಯ ಫೈನಲ್ಲನ್ನು ಬಲಕ್ಕೆ ಓಡಿಸುವುದು ಆ ಕಣದ ಹಳೆಯ ಪದ್ಧತಿ. ವರ್ಷವಿಡೀ ಸುತ್ತಿದ್ದನ್ನು ಒಂದು ಸಲ ಬಿಚ್ಚಬೇಕು, ಇಲ್ಲವಾದರೆ ಮುಂದಿನ ವರ್ಷಕ್ಕೆ ಗಂಟು ಬೀಳುತ್ತದೆ ಎನ್ನುತ್ತಿದ್ದರು ಹಿರಿಯರು. ಟೆಫೊನಿಗೆ ಗೊತ್ತಿಲ್ಲದ್ದೇನಲ್ಲ. ಹತ್ತು ವರ್ಷ ಬೇಲಿಗೆ ಒರಗಿ ನೋಡಿದ್ದ. ಆದರೆ ಚೇಂಬರ್ ಬೆಸೆಯುವಾಗ ಅದು ತಲೆಗೆ ಬಂದಿರಲಿಲ್ಲ, ಯಾಕೆಂದರೆ ತಾವು ಫೈನಲ್ಲಿಗೆ ಬಂದೇವು ಎಂಬುದೇ ತಲೆಗೆ ಬಂದಿರಲಿಲ್ಲ.

ಕಾರು ಬಲಕ್ಕೆ ತಿರುಗಿದರೆ ಎಣ್ಣೆ ಎಡಕ್ಕೆ ಓಡುತ್ತದೆ. ಕೊಳವೆ ಇರುವುದು ಬಲಕ್ಕೆ. ಬಾಗಿಲು ಮುಚ್ಚಿ ಒಂದಿಷ್ಟು ಎಣ್ಣೆ ಒಳಗೇ ಉಳಿದೀತು. ಪಂಪು ಅದನ್ನು ಕುಡಿದು ಮುಗಿಸಲು ಎಷ್ಟು ಹೊತ್ತು? ನಾಲ್ಕು ಎಣಿಸುವಷ್ಟು. ತಿರುವು ಮುಗಿಯುವುದಕ್ಕೆ ಆರು ಬೇಕು.

"ಡಿನೆಯೊ, ಇಳಿ. ಓಡಿಸೋದು ಬೇಡ."

"ಯಾಕಪ್ಪ?"

ಅವನು ಹೇಳಿದ. ಅವಳು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಇಳಿಯಲಿಲ್ಲ.

"ಮೂರು ವರ್ಷ ಆಯ್ತಪ್ಪ. ಪ್ರತಿ ಶನಿವಾರ ಎಂಜಿನ್ ಎತ್ತಿ ಇಳಿಸಿ ನನ್ನ ಬೆನ್ನು ಮುದುಕಿ ಬೆನ್ನಾಗಿದೆ. ಇದೊಂದು ಓಟ. ಎಂಟೇ ಸುತ್ತು."

"ಸೋಮವಾರ ಐದು ಗಂಟೆಗೆ ಇಪ್ಪತ್ತಮೂರು ಮನೆಯವರು ಕ್ಯಾನು ಹಿಡ್ಕೊಂಡು ನಿಂತಿರ್ತಾರೆ. ಅವರಿಗೆ ಏನು ಹೇಳ್ಲಿ?"

ಶುಂಠಿ ಪಾನಕದ ಬಾಟಲಿ ಹಿಡಿದು ಬಂದ ಮಾಡಿನೆಯೊ ಇಬ್ಬರ ಮುಖವನ್ನೂ ನೋಡಿದಳು. ವಿಷಯ ತಿಳಿದ ಮೇಲೆ ಗಂಡನತ್ತ ತಿರುಗಿದಳು. "ಕತ್ತೆ ಹಿಂದೆ ನಡೆದವಳು ನಾನು, ನೀನಲ್ಲ. ಬೇರೆ ದಾರಿ ಇದ್ರೆ ಹೇಳು. ಇಲ್ದಿದ್ರೆ ಬೇಡ ಅನ್ನು. ಸುಮ್ನೆ ಬೆವರಬೇಡ."

ಟೆಫೊ ಅರ್ಧ ಲೀಟರ್ ಎಣ್ಣೆ ಹೆಚ್ಚು ಸುರಿದ. ಅದಕ್ಕಿಂತ ಹೆಚ್ಚಾದರೆ ನೊರೆ ಏಳುತ್ತದೆ, ನೊರೆಯೂ ಗಾಳಿಯೇ. ಆಮೇಲೆ ಮಗಳ ಕಿಟಕಿಗೆ ಬಾಗಿ, ಡ್ಯಾಶ್‌ಬೋರ್ಡಿನ ದೂಳಿನ ಮೇಲೆ ಬೆರಳಿಂದ ಗೆರೆ ಎಳೆದ. "ದುಂಡಗೆ ತಿರುಗಬೇಡ. ಚೌಕದ ಹಾಗೆ ಓಡಿಸು. ನೆಟ್ಟಗೆ ಹೋಗು, ಗಕ್ಕನೆ ತಿರುಗಿಸು, ಮತ್ತೆ ನೆಟ್ಟಗೆ. ನೆಟ್ಟಗಿದ್ದಾಗ ಎಣ್ಣೆ ಬಾಗಿಲು ದಾಟಿ ಬರ್ತದೆ. ಎಣ್ಣೆದು ಈ ಕೆಂಪು ದೀಪ ಹತ್ತಿದ್ರೆ ಕಾಲು ತೆಗೆ. ಒಂದು ಎಣಿಸೋದ್ರೊಳಗೆ. ಎರಡಕ್ಕೆ ಕಾಯಬೇಡ."

"ಗೆಲ್ಲೋ ಹಾಗಿದ್ರೆ?"

"ಗೆಲ್ಲೋ ಹಾಗಿದ್ರೂ."

ಬಾವುಟ ಬಿತ್ತು. ಹನ್ನೆರಡು ಕಾರು ಬಲಕ್ಕೆ ನುಗ್ಗಿ ಕಣ ಪೂರ್ತಿ ಕೆಂಪು ದೂಳಾಯಿತು. ಟೆಫೊ ಬೇಲಿಯ ತಂತಿ ಹಿಡಿದು, ಕಾರು ತಿರುವಿಗೆ ಬಿದ್ದಾಗಲೆಲ್ಲ ಎಣಿಸತೊಡಗಿದ. ಒಂದು, ಎರಡು, ಮೂರು. ಮೂರಕ್ಕೆ ಅವಳು ನೆಟ್ಟಗಾಗುತ್ತಿದ್ದಳು. ಜನ ನಗುತ್ತಿದ್ದರು. "ಯಾರದು, ಹೊಲ ಅಳೀತಿರೋದು?" ಎಂದು ಯಾರೋ ಕೂಗಿದರು. ಆದರೆ ತಿರುವಿನಲ್ಲಿ ಕಳೆದದ್ದನ್ನು ಅವಳು ನೇರದಾರಿಯಲ್ಲಿ ಗಳಿಸುತ್ತಿದ್ದಳು. ಐದನೇ ಸುತ್ತಿಗೆ ನಾಲ್ಕನೆಯವಳು. ಏಳಕ್ಕೆ ಎರಡನೆಯವಳು, ಮುಂದೆ ಪಿಟ್ಸೊ ಒಬ್ಬನೇ.

ಕಡೆಯ ಸುತ್ತು, ಕಡೆಯ ತಿರುವು. ಪಿಟ್ಸೊನ ಕಾರು ಹೊರಕ್ಕೆ ಜಾರಿತು, ಒಳಮಗ್ಗುಲು ತೆರೆಯಿತು. ಅಲ್ಲಿ ನುಗ್ಗಬೇಕಾದರೆ ದುಂಡಗೇ ತಿರುಗಬೇಕು. ಅವಳು ನುಗ್ಗಿದಳು.

ಒಂದು, ಎರಡು, ಮೂರು. ನಾಲ್ಕು. ನೆಟ್ಟಗಾಗಲಿಲ್ಲ.

"ಕಾಲು ತೆಗಿಯೇ," ಎಂದ ಟೆಫೊ, ಕೂಗಲೂ ಉಸಿರಿಲ್ಲದೆ.

ಎಂಜಿನ್ನಿನ ಸದ್ದು ಕತ್ತರಿಸಿದಂತೆ ನಿಂತುಹೋಯಿತು.

ಕೆಂಪು ಕಾರು ಸದ್ದಿಲ್ಲದೆ ಉರುಳುತ್ತ ದೂಳಿನಿಂದ ಹೊರಬಂತು. ಪಿಟ್ಸೊ ದಾಟಿಹೋದ. ಇನ್ನೊಬ್ಬ ದಾಟಿಹೋದ. ಅದು ಮೂರನೆಯದಾಗಿ ಗೆರೆ ಮುಟ್ಟಿ, ಹುಲ್ಲಿನ ಅಂಚಿಗೆ ಹೋಗಿ ನಿಂತಿತು. ಬೇಲಿಯ ಬಳಿ ಯಾರೋ ಹೇಳುವುದು ಟೆಫೊನ ಕಿವಿಗೆ ಬಿತ್ತು: "ಅಯ್ಯೋ, ಸೋಮವಾರಕ್ಕೆ ಏನು ಮಾಡ್ತಾನಪ್ಪ?"

ಅವನು ಬೇಲಿ ಹಾರಿ ಓಡಿದ. ಮಗಳ ಮುಖವನ್ನೂ ನೋಡದೆ ಬಾನೆಟ್ ಎತ್ತಿ, ಕ್ರ್ಯಾಂಕಿನ ಮೂತಿಯ ನಟ್ಟಿಗೆ ಉದ್ದನೆ ಪಾನ ಹಾಕಿದ. ಪಾನ ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು. ಎಂಜಿನ್ ಜಾಮಾಗಿದ್ದರೆ ನಟ್ಟು ಅಲುಗದು. ಎಳೆದ.

ತಿರುಗಿತು. ಮೆತ್ತಗೆ, ಬೆಳಗಿನ ಹಾಗೇ, ತಿರುಗಿತು.

ಆದರೂ ನಂಬಿಕೆ ಸಾಲದೆ ಎಣ್ಣೆ ಅಳೆಯುವ ಕಡ್ಡಿ ಎಳೆದು, ತುದಿಯ ಬಿಸಿ ಎಣ್ಣೆಯನ್ನು ಹೆಬ್ಬೆರಳಿಗೆ ಒರೆಸಿ, ಇಳಿಬಿಸಿಲಿಗೆ ಹಿಡಿದು ನೋಡಿದ. ಬೇರಿಂಗು ಸವೆದಿದ್ದರೆ ಲೋಹದ ಪುಡಿ ಮಿನುಗಬೇಕು. ಬರಿಯ ಕಪ್ಪು.

"ದೀಪ ಹತ್ತಿತು," ಎಂದಳು ಡಿನೆಯೊ ಒಳಗಿನಿಂದಲೇ. "ಬರೀ ಕಾಲು ತೆಗೆದ್ರೆ ಸಾಲದು ಅನ್ನಿಸ್ತು. ಕ್ಲಚ್ ಒತ್ತಿ ಎಂಜಿನ್ ಆರಿಸಿಬಿಟ್ಟೆ. ಮುಂದೆ ಯಾರೂ ಇರ್ಲಿಲ್ಲಪ್ಪ. ಒಬ್ಬರೂ ಇರ್ಲಿಲ್ಲ."

ಟೆಫೊ ಕಡ್ಡಿಯನ್ನು ಒರೆಸಿ ಅದರ ಜಾಗಕ್ಕೆ ತಳ್ಳಿದ. ಆಮೇಲೆ ಕಿಟಕಿಯ ಬಳಿ ಬಂದು, ಮಸಿ ಮೆತ್ತಿದ ಕೈಯನ್ನು ಮಗಳ ಹೆಲ್ಮೆಟ್ಟಿನ ಮೇಲಿಟ್ಟ.

"ಆ ಕೊಳವೇನ ನಾಳೆ ಬಿಚ್ಚೋಣ," ಎಂದ. "ಎಡಕ್ಕೂ ಒಂದು ಬಾಗಿಲು ಇಡಬೇಕು. ಮುಂದಿನ ವರ್ಷ ಮತ್ತೆ ಬರ್ತೀವಲ್ಲ."